ಊರ ಹೆಸರು ಕೇಳು ಮಗಾ

ಮಗಾ, ನಿನ್ನ ಮದುವೆ ಯಾವಾಗ ಅಂತ ನಾನು ಕೇಳುವುದಿಲ್ಲ. ಅದನ್ನು ಕೇಳುವುದಕ್ಕೆ ಊರೆಲ್ಲ ಇದೆ. ಬೀಗರೂಟಕ್ಕೆ ಹೋದರೆ ಎಲೆ ಮುಂದೆ ಕೂರುವ ಮೊದಲೇ ಕೇಳುತ್ತಾರೆ, ಡೇರಿ ಮುಂದೆ ಕ್ಯಾನು ಹಿಡಿದು ನಿಂತಾಗ ಕೇಳುತ್ತಾರೆ, ಕೆ.ಆರ್. ನಗರದ ಬಸ್ಸಿನಲ್ಲಿ ಪಕ್ಕದ ಸೀಟಿನವರೂ ಕೇಳುತ್ತಾರೆ. ನೀನು ನಕ್ಕು ಸುಮ್ಮನಾಗುತ್ತೀಯ. ಆ ನಗುವಿನ ಹಿಂದೆ ಏನಿದೆ ಅಂತ ನಮ್ಮ ಹೊಸ ಅಗ್ರಹಾರ ಹೋಬಳಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತು ದಾಟಿದ, ಮೂವತ್ತೈದು ದಾಟಿದ ಗಂಡುಮಕ್ಕಳು ಇಲ್ಲಿ ಬೀದಿಗೆ ನಾಲ್ಕು ಜನ ಸಿಗುತ್ತಾರೆ. ಗದ್ದೆ ಇದೆ, ಹಸು ಇದೆ, ತಾರಸಿ ಮನೆ ಇದೆ, ಹೆಣ್ಣು ಮಾತ್ರ ಸಿಗುತ್ತಿಲ್ಲ.

ಇದು ನಿನ್ನೊಬ್ಬನ ಹಣೆಬರಹ ಅಂದುಕೊಳ್ಳಬೇಡ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ಒಕ್ಕಲಿಗರ ವಧು-ವರರ ಸಮಾವೇಶ ನಡೆದಾಗ ಹೆಸರು ಬರೆಸಿದ ಗಂಡುಗಳು 11 ಸಾವಿರಕ್ಕೂ ಹೆಚ್ಚು, ಹೆಣ್ಣುಮಕ್ಕಳು ಸುಮಾರು 250. ಅದಾಗಿ ಮೂರು ತಿಂಗಳಿಗೆ, 2023ರ ಫೆಬ್ರವರಿಯಲ್ಲಿ, ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ರೈತ ಹುಡುಗರು ಹೆಣ್ಣು ಕರುಣಿಸಪ್ಪಾ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅದನ್ನು ತಮಾಷೆ ಸುದ್ದಿ ಅಂತ ನೋಡಿ ನಕ್ಕವರು ಬಹಳ ಜನ. ನನಗೆ ನಗು ಬರಲಿಲ್ಲ. ಅದೇ ವರ್ಷದ ಕೊನೆಗೆ ಮಂಡ್ಯ ಕಡೆಯ ಆಲೆಮನೆಯೊಂದರಲ್ಲಿ ಹೊಟ್ಟೆಯ ಕೂಸು ಹೆಣ್ಣೋ ಗಂಡೋ ಅಂತ ಸ್ಕ್ಯಾನ್ ಮಾಡಿ ಹೇಳುತ್ತಿದ್ದ ಜಾಲವನ್ನು ಪೊಲೀಸರು ಹಿಡಿದರು. ಹುಟ್ಟಬೇಕಾದ ಹೆಣ್ಣುಮಕ್ಕಳನ್ನು ತಡೆದದ್ದು ನಮ್ಮ ತಲೆಮಾರು, ಅದರ ಸಾಲ ತೀರಿಸುತ್ತಿರುವುದು ನೀವು. ಇರಲಿ, ಆ ಮಾತು ಇನ್ನೊಂದು ದಿನಕ್ಕೆ.

ಒಂದು ಸೀಮೆಯ ಹುಡುಗರೆಲ್ಲ ಒಂದೇ ನೋವು ನುಂಗುತ್ತಿದ್ದಾರೆ ಅಂದರೆ ಅದರ ವಾಸನೆ ಹಿಡಿಯುವವರು ಇದ್ದೇ ಇರುತ್ತಾರೆ. ಹಿಂದೆಯೂ ಮದುವೆ ದಲ್ಲಾಳಿಗಳಿದ್ದರು. ಎರಡೂ ಕಡೆ ಕಮಿಷನ್ ತಿನ್ನುತ್ತಿದ್ದರು, ಹೆಣ್ಣಿನ ವಯಸ್ಸಲ್ಲಿ ಎರಡು ವರ್ಷ ಕಡಿಮೆ ಹೇಳುತ್ತಿದ್ದರು. ಆದರೆ ಅವರ ಮನೆ ಎಲ್ಲಿ ಅಂತ ನಮಗೆ ಗೊತ್ತಿತ್ತು, ಹೋಗಿ ಕೊರಳಪಟ್ಟಿ ಹಿಡಿಯಬಹುದಿತ್ತು. ಈಗಿನವನು ಯಾವ ಊರಲ್ಲಿ, ಯಾವ ದೇಶದಲ್ಲಿ ಕೂತಿದ್ದಾನೋ ಶಿವನೇ ಬಲ್ಲ.

ಅವನ ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಕೇಳು. ಮೊದಲು ಒಂದು ಫೋನು. ಹೆಣ್ಣುದನಿ. ‘ಮ್ಯಾಟ್ರಿಮೋನಿಯಿಂದ ಮಾತಾಡ್ತಿದೀನಿ ಸಾರ್, ನಿಮ್ಮ ಪ್ರೊಫೈಲ್ ಒಬ್ರಿಗೆ ತುಂಬಾ ಇಷ್ಟ ಆಗಿದೆ.’ ವಾಟ್ಸ್ಯಾಪಿಗೆ ಮೂರು ಫೋಟೊ ಬರುತ್ತವೆ. ನೋಂದಣಿಗೆ ಅಂತ ಸಣ್ಣ ಮೊತ್ತ, ಹೋದರೆ ಹೋಗಲಿ ಅನ್ನುವಷ್ಟು. ಆಮೇಲೆ ಜಾತಕ ಕೂಡಿಸುವುದಕ್ಕೆ, ಆಮೇಲೆ ಹುಡುಗಿಯ ನಂಬರು ಕೊಡುವುದಕ್ಕೆ. ಕೊನೆಗೆ ಹುಡುಗಿಯೇ ಮಾತಾಡುತ್ತಾಳೆ. ಬೆಳಿಗ್ಗೆ ‘ತಿಂಡಿ ಆಯ್ತಾ’, ಮಧ್ಯಾಹ್ನ ‘ಬಿಸಿಲಲ್ಲಿ ಜಾಸ್ತಿ ಹೊತ್ತು ಇರಬೇಡಿ’, ರಾತ್ರಿ ‘ಮಲಗಿದ್ರಾ’. ಒಂದು ದಿನ ಅವಳು ಅನ್ನುತ್ತಾಳೆ: ‘ಹಳ್ಳಿ ಆದ್ರೇನು, ನಂಗೆ ಹಸು-ಕರು ಅಂದ್ರೆ ಇಷ್ಟ.’

ನೋಡು, ಆ ಒಂದು ಮಾತಿಗೆ ನೀನು ಬಿದ್ದುಹೋಗುತ್ತೀಯ. ಬೆಂಗಳೂರಲ್ಲಿ ಕೆಲಸ ಇಲ್ಲವಂತೆ, ಸಗಣಿ ಬಾಚಬೇಕಂತೆ ಅಂತ ಹತ್ತು ಕಡೆ ನಿನ್ನನ್ನು ಬೇಡ ಅಂದಿದ್ದಾರೆ. ಆ ಗಾಯ ಎಲ್ಲಿದೆ ಅಂತ ಗೊತ್ತಿದ್ದೇ ಅವಳು ಅಲ್ಲಿಗೆ ಕೈ ಇಡುತ್ತಾಳೆ. ಅವಳೇನು ನಿನ್ನ ಮನಸ್ಸು ಓದಿಲ್ಲ. ಅದೇ ಸಾಲನ್ನು ಅದೇ ಹೊತ್ತಿಗೆ ಇನ್ನೂ ಹತ್ತಾರು ಹುಡುಗರಿಗೆ ಕಳಿಸಿರುತ್ತಾಳೆ, ಅವಳು ಅನ್ನುವವಳು ಒಬ್ಬಳು ಇದ್ದರೆ. ಎಷ್ಟೋ ಸಲ ಬರೆದುಕೊಟ್ಟದ್ದನ್ನು ಓದುವ ಸಂಬಳದಾಳು, ಕೆಲವೊಮ್ಮೆ ದನಿ ಬದಲಿಸುವ ಆ್ಯಪ್ ಇಟ್ಟುಕೊಂಡ ಗಂಡಸು. ಫೋಟೊ ಮಾತ್ರ ನಿಜವಾದ ಹೆಣ್ಣುಮಗಳದೇ, ತನ್ನ ಚಿತ್ರ ಹೀಗೆ ಊರೂರು ಸುತ್ತುತ್ತಿದೆ ಅಂತ ಆ ಪಾಪದವಳಿಗೆ ಗೊತ್ತೇ ಇರುವುದಿಲ್ಲ.

ಇದಾದ ಮೇಲೆ ‘ಅಮ್ಮಂಗೆ ಆಪರೇಷನ್ನು’ ಶುರುವಾಗುತ್ತದೆ. ನಿನ್ನನ್ನು ನೋಡಲು ಹೊರಟ ದಿನವೇ ಅವಳ ಪರ್ಸು ಕಳೆದುಹೋಗುತ್ತದೆ. ದುಡ್ಡು ಕಳಿಸಿದ ಮೇಲೆ ಇನ್ನೊಂದು ಮಾತು ಬರುತ್ತದೆ, ಮೆತ್ತಗೆ: ‘ಸದ್ಯಕ್ಕೆ ನಮ್ಮ ವಿಷಯ ಯಾರಿಗೂ ಹೇಳ್ಬೇಡಿ, ಕಣ್ಣು ಬೀಳುತ್ತೆ.’ ಈ ಮಾತು ಕಿವಿಗೆ ಬಿದ್ದ ತಕ್ಷಣ ಎದ್ದು ಬಂದು ಮನೆಯಲ್ಲಿ ಯಾರಿಗಾದರೂ ಹೇಳಿಬಿಡು. ನಿನ್ನ ತಾಯಿಗೆ ಹೇಳಲು ನಾಚಿಕೆಯಾದರೆ ಅಕ್ಕನಿಗೆ ಹೇಳು, ಭಾವನಿಗೆ ಹೇಳು, ನನಗೆ ಹೇಳು. ಈ ಕಳ್ಳತನ ನಡೆಯುವುದೇ ನಿನ್ನ ನಾಚಿಕೆಯ ಬಂಡವಾಳದ ಮೇಲೆ. ಮೂರನೆಯವರ ಕಿವಿಗೆ ಬಿದ್ದರೆ ಅವನ ಅಂಗಡಿ ಅಲ್ಲಿಗೆ ಬಂದ್.

ಫೋನಿನಲ್ಲಿ ಪರಿಚಯವಾದವರನ್ನು ನಂಬಲೇಬೇಡ ಅಂತ ನಾನು ಅನ್ನುವುದಿಲ್ಲ. ಫೋನಿನಲ್ಲೇ ಕುದುರಿದ ಸಂಬಂಧಗಳೂ ಚೆನ್ನಾಗಿ ಬಾಳುತ್ತಿವೆ. ನಾನು ಹೇಳುವುದು ಇಷ್ಟೇ: ನಮ್ಮ ಹಳೆಯ ‘ವಿಚಾರಿಸುವ’ ಪದ್ಧತಿಯನ್ನು ಬಿಡಬೇಡ. ಊರ ಹೆಸರು ಕೇಳು. ಯಾವ ಹೋಬಳಿ, ಯಾವ ಬೀದಿ, ಮನೆದೇವರು ಯಾವುದು, ಹಾಲು ಯಾವ ಡೇರಿಗೆ ಹಾಕುತ್ತಾರೆ, ಸೋದರಮಾವನ ಊರು ಯಾವುದು ಅಂತ ಕೇಳು. ಕೇಳಿದ್ದನ್ನು ನನಗೆ ಕೊಡು. ಪಿರಿಯಾಪಟ್ಟಣದ ಮೂಲೆಯ ಹಳ್ಳಿಯಾಗಲಿ, ಎಚ್.ಡಿ. ಕೋಟೆಯ ಕಾಡಂಚಾಗಲಿ, ಆ ದಾರಿಯ ಬಸ್ ಕಂಡಕ್ಟರು, ಎಲ್‌ಐಸಿ ಏಜೆಂಟು, ಅಲ್ಲಿಗೆ ಕೊಟ್ಟ ನಮ್ಮೂರ ಹೆಣ್ಣುಮಗಳು, ಯಾರಾದರೊಬ್ಬರು ಗೊತ್ತಿರುತ್ತಾರೆ. ಸಂಜೆಯೊಳಗೆ ಆ ಮನೆಯ ನಾಯಿಯ ಹೆಸರು ಸಮೇತ ತರಿಸುತ್ತೇನೆ. ನಿಜವಾದ ಮನೆಯವರಿಗೆ ಈ ಪ್ರಶ್ನೆಗಳಿಂದ ಬೇಜಾರಾಗುವುದಿಲ್ಲ, ಅವರೂ ನಿನ್ನ ಬಗ್ಗೆ ಇದನ್ನೇ ವಿಚಾರಿಸುತ್ತಿರುತ್ತಾರೆ. ಊರ ಹೆಸರು ಕೇಳಿದ್ದಕ್ಕೆ ‘ನನ್ ಮೇಲೆ ನಂಬಿಕೆ ಇಲ್ವಾ’ ಅಂತ ಅತ್ತರೆ, ಆ ಅಳುವೇ ನಿನಗೆ ಉತ್ತರ.

ಚುಂಚನಕಟ್ಟೆ ಜಾತ್ರೆಯಲ್ಲಿ ದಲ್ಲಾಳಿಗಳು ಟವಲ್ ಕೆಳಗೆ ಬೆರಳು ಹಿಡಿದು ಎತ್ತಿನ ವ್ಯಾಪಾರ ಮಾಡುವುದನ್ನು ನೀನೂ ನೋಡಿದ್ದೀಯ. ಅಲ್ಲಿ ಬೆಲೆ ಟವಲ್ ಕೆಳಗೆ, ಎತ್ತು ಕಣ್ಣೆದುರಿಗೆ. ಹಲ್ಲು ನೋಡಬಹುದು, ಸುಳಿ ನೋಡಬಹುದು, ನಡೆಸಿ ನೋಡಬಹುದು. ಈ ಫೋನಿನ ವ್ಯಾಪಾರದಲ್ಲಿ ಬೆಲೆ ಕಣ್ಣೆದುರಿಗೆ ಇದೆ, ಎತ್ತು ಟವಲ್ ಕೆಳಗಿದೆ. ಹಾಗಂತ ಹೆಣ್ಣುಮಕ್ಕಳನ್ನು ಎತ್ತಿಗೆ ಹೋಲಿಸಿದೆ ಅಂತ ನಿನ್ನ ಅಕ್ಕನ ಹತ್ತಿರ ಚಾಡಿ ಹೇಳಬೇಡ, ನಾನು ಹೇಳುತ್ತಿರುವುದು ದುಡ್ಡು ಬಿಚ್ಚುವ ರೀತಿಯ ಬಗ್ಗೆ.

ನೋಡುವುದಕ್ಕೆ ನಿನ್ನ ಫೋನಿನಲ್ಲೇ ದಾರಿ ಇದೆ. ಬಂದ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕು. ಅದೇ ಮುಖ ಬೇರೆ ಹೆಸರಲ್ಲಿ, ಸೀರೆ ಅಂಗಡಿಯ ಜಾಹೀರಾತಿನಲ್ಲಿ ಸಿಕ್ಕೀತು. ವಿಡಿಯೊ ಕಾಲ್ ಮಾಡು. ಮುಖವನ್ನೂ ಬದಲಿಸುವ ಯಂತ್ರಗಳು ಬಂದಿರುವುದರಿಂದ, ಕೈಯನ್ನು ಮುಖದ ಮುಂದೆ ಆಡಿಸಲು ಹೇಳು, ಪಕ್ಕಕ್ಕೆ ತಿರುಗಲು ಹೇಳು. ಸುಳ್ಳು ಮುಖ ಅಲ್ಲಿ ಕದಲುವುದುಂಟು, ಆದರೆ ಅದನ್ನೇ ಪೂರಾ ನೆಚ್ಚಬೇಡ. ಮದುವೆ ಜಾಲತಾಣಗಳು ಬಳಕೆದಾರರ ಗುರುತಿನ ದಾಖಲೆ ಪಡೆಯಬೇಕು ಅಂತ ಕೇಂದ್ರ ಸರ್ಕಾರ 2016ರ ಜೂನಿನಲ್ಲೇ ಸೂಚನೆ ಹೊರಡಿಸಿದೆ. ತಾಣದ ಹೆಸರು ಹೇಳಿಕೊಂಡು ಯಾರದೋ ಸ್ವಂತ ಯುಪಿಐ ನಂಬರಿಗೆ ದುಡ್ಡು ಹಾಕಿ ಅನ್ನುವವನು ಆ ತಾಣದವನಲ್ಲ.

ಕೂಸೇ, ಮೈಸೂರಿನಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ ನೀನೂ ಕೇಳಿಸಿಕೋ. 2023ರ ಜುಲೈನಲ್ಲಿ ಮೈಸೂರಿನ ಕುವೆಂಪುನಗರ ಪೊಲೀಸರು ಒಬ್ಬನನ್ನು ಹಿಡಿದರು. ಮದುವೆ ಜಾಲತಾಣಗಳಲ್ಲಿ ಒಮ್ಮೆ ಡಾಕ್ಟರು, ಒಮ್ಮೆ ಎಂಜಿನಿಯರು ಅಂತ ಹೇಳಿಕೊಂಡು 2014ರಿಂದ ಈಚೆಗೆ ಹದಿನೈದು ಹೆಣ್ಣುಮಕ್ಕಳನ್ನು ಮದುವೆಯಾಗಿದ್ದ ಅಂತ ಪೊಲೀಸರು ಹೇಳಿದರು. ನಂಬಿಸಲು ತುಮಕೂರಿನಲ್ಲಿ ಒಂದು ಕ್ಲಿನಿಕ್ಕನ್ನೇ ತೆರೆದಿದ್ದನಂತೆ. ದೂರು ಕೊಟ್ಟವಳು ಒಬ್ಬ ಸಾಫ್ಟ್‌ವೇರ್ ಎಂಜಿನಿಯರು. ಡಾಕ್ಟರಾಗಿ ಇಷ್ಟು ಹರಕು ಇಂಗ್ಲಿಷಾ ಅಂತ ಅನುಮಾನಪಟ್ಟು ಅವನನ್ನು ತಿರಸ್ಕರಿಸಿ ಬಚಾವಾದವರೂ ಇದ್ದಾರೆ. ಮೋಸಹೋದವರಲ್ಲಿ ಹೆಚ್ಚಿನವರು ಓದಿದವರು, ಸ್ವಂತ ಕಾಲ ಮೇಲೆ ನಿಂತವರು. ಜನ ಏನಂದಾರು ಅಂತ ಹೆದರಿ ಅವರು ಬಾಯಿಮುಚ್ಚಿಕೊಂಡದ್ದೇ ಅವನಿಗೆ ಮುಂದಿನ ಮದುವೆಗೆ ರಹದಾರಿಯಾಯಿತು. ಓದು ಬರಹ ಇಲ್ಲದವರೇ ಮೋಸ ಹೋಗುವುದು ಅಂತ ನಮ್ಮ ಕಟ್ಟೆಯ ಮೇಲೆ ಕೂತು ಮಾತಾಡುವವರಿಗೆ ಇದನ್ನು ನಾನು ಪದೇಪದೇ ಹೇಳುತ್ತೇನೆ. ಗಂಡು ಎಲ್ಲಿ ಕೆಲಸ ಮಾಡುತ್ತಾನೆ ಅಂದನೋ ಅಲ್ಲಿಗೆ ಹೇಳದೆ ಕೇಳದೆ ನಿಮ್ಮಣ್ಣನನ್ನು ಒಂದು ದಿನ ಕಳಿಸು. ಡಾಕ್ಟರು ಅಂದರೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳು. ಸಂಕೋಚಪಡಬೇಡ.

ಲಂಡನ್ನಿನ ಡಾಕ್ಟರು, ಅಮೆರಿಕದ ಸೇನಾಧಿಕಾರಿ ಕಳಿಸಿದ ಉಡುಗೊರೆ ದೆಹಲಿ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ ಅನ್ನುವುದು ಹಳೆಯ ಕಥೆ, ಈಗಲೂ ಓಡುತ್ತಿದೆ. ಕಸ್ಟಮ್ಸ್‌ನವರು ಸುಂಕ ಕಟ್ಟಿ ಅಂತ ಯಾರ ಸ್ವಂತ ಖಾತೆಯ ನಂಬರನ್ನೂ ಫೋನಿನಲ್ಲಿ ಕೊಡುವುದಿಲ್ಲ. ಅವರ ಪತ್ರದ ಮೇಲೆ ಡಿಐಎನ್ ಅನ್ನುವ ಸಂಖ್ಯೆ ಇರುತ್ತದೆ, ಅದನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿ ಪರೀಕ್ಷಿಸಬಹುದು.

ನನಗೆ ಹೆಚ್ಚು ಭಯವಿರುವುದು ಇನ್ನೊಂದರ ಬಗ್ಗೆ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯ ನಮ್ಮ ನೆಂಟರಿಗೆ ಹೊಗೆಸೊಪ್ಪಿನ ಹರಾಜಿನ ದುಡ್ಡು ನೇರ ಬ್ಯಾಂಕ್ ಖಾತೆಗೆ ಬೀಳುತ್ತದೆ; ನಮಗೆ ಭತ್ತದ ದುಡ್ಡು. ವರ್ಷಕ್ಕೊಮ್ಮೆ ಕಾಣುವ ದೊಡ್ಡ ಮೊತ್ತ ಅದು. ಹುಡುಗರು ಹೊಗೆಸೊಪ್ಪಿನ ಬೇಲಿನ ಫೋಟೊ ಹೊಡೆದು, ಕೆ.ಜಿ.ಗೆ ಬಂದ ರೇಟನ್ನೂ ಬರೆದು ಸ್ಟೇಟಸ್ ಹಾಕುತ್ತಾರೆ. ಕಳ್ಳನಿಗೆ ಇನ್ನೇನು ಬೇಕು? ‘ಸಾರಿ, ರಾಂಗ್ ನಂಬರ್’ ಅಂತ ಒಂದು ಮೆಸೇಜು ಬರುತ್ತದೆ. ಮಾತು ಬೆಳೆಯುತ್ತದೆ. ಈಕೆ ನಿನ್ನ ಹತ್ತಿರ ಒಂದು ರೂಪಾಯಿ ಕೇಳುವುದಿಲ್ಲ, ಅದೇ ಇಲ್ಲಿಯ ಚಾಲಾಕಿ. ‘ನಾನು ಟ್ರೇಡಿಂಗ್ ಮಾಡ್ತೀನಿ, ನಮ್ಮ ಚಿಕ್ಕಪ್ಪ ಹೇಳಿಕೊಡ್ತಾರೆ, ನಮ್ಮ ಮುಂದಿನ ಬದುಕಿಗೆ ಆಗುತ್ತೆ’ ಅಂತ ಒಂದು ಆ್ಯಪ್ ಹಾಕಿಸುತ್ತಾಳೆ. ಹತ್ತು ಸಾವಿರ ಹಾಕಿದರೆ ವಾರದಲ್ಲಿ ಹದಿಮೂರು ತೋರಿಸುತ್ತದೆ. ಒಂದು ಸಲ ದುಡ್ಡು ವಾಪಸ್ಸೂ ಬರುತ್ತದೆ. ಅಲ್ಲಿಗೆ ನಿನ್ನ ಅನುಮಾನ ಸತ್ತುಹೋಯಿತು. ಬೆಳೆ ದುಡ್ಡೆಲ್ಲ ಹಾಕುತ್ತೀಯ. ಪರದೆಯ ಮೇಲೆ ಲಕ್ಷಗಳು ಏರುತ್ತವೆ, ತೆಗೆಯಲು ಹೋದರೆ ಮೊದಲು ಶೇ 30 ತೆರಿಗೆ ಕಟ್ಟು ಅನ್ನುತ್ತದೆ. ಕ್ರಿಪ್ಟೊ ಲಾಭದ ಮೇಲೆ ನಮ್ಮ ದೇಶದಲ್ಲಿ 2022ರಿಂದ ಶೇ 30 ತೆರಿಗೆ ಇರುವುದು ನಿಜ. ಆದರೆ ಅದನ್ನು ಕಟ್ಟುವುದು ಸರ್ಕಾರಕ್ಕೆ. ನಿನ್ನದೇ ದುಡ್ಡು ಬಿಡಿಸಿಕೊಳ್ಳಲು ಯಾವುದೋ ಆ್ಯಪಿಗೆ ಮುಂಗಡ ಕಟ್ಟುವುದಲ್ಲ. ಸುಳ್ಳಿನ ನಡುವೆ ಹೀಗೆ ಒಂದು ಚೂರು ನಿಜ ಬೆರೆಸಿರುತ್ತಾರೆ.

ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವನು ನಾನು. ಒಡವೆ ಸಾಲಕ್ಕೆ ಬಂದವರನ್ನು ಬಹಳ ನೋಡಿದ್ದೇನೆ. ಬಿತ್ತನೆಗೆ, ಬಾಣಂತನಕ್ಕೆ ಬಂದವರು ಒಡವೆ ತೂಕ ಹಾಕುವಾಗ ತಕ್ಕಡಿಯನ್ನೇ ನೋಡುತ್ತಾ ನಿಲ್ಲುತ್ತಾರೆ. ಅವ್ವನ ಎರಡೆಳೆ ಸರ ತಕ್ಕಡಿಯಲ್ಲಿದ್ದಾಗಲೂ ಒಬ್ಬ ಹುಡುಗ ತಲೆಯೆತ್ತದೆ ಫೋನಿನಲ್ಲಿ ಹೆಬ್ಬೆರಳು ಆಡಿಸುತ್ತಾ ನಿಂತಿದ್ದರೆ, ಎಷ್ಟು ಗ್ರಾಂ ಅಂತಲೂ ಕೇಳದಿದ್ದರೆ, ಆ ದುಡ್ಡು ಹೊಲಕ್ಕೆ ಹೋಗುತ್ತಿಲ್ಲ ಅಂತ ತಿಳಿ. ಅಲ್ಲಿ ಕೂತ ಗುಮಾಸ್ತರು ‘ಯಾಕಪ್ಪ ಈಗ’ ಅಂತ ಒಂದು ಮಾತು ಕೇಳಿದರೆ ತಪ್ಪೇನಿಲ್ಲ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ರಾತ್ರಿ ಅಪರಿಚಿತ ವಿಡಿಯೊ ಕಾಲ್ ಬರುತ್ತದೆ, ಆ ಕಡೆ ಬಟ್ಟೆಯಿಲ್ಲದ ಹೆಣ್ಣು. ನಿನ್ನ ಮುಖ ಎರಡು ಕ್ಷಣ ಸಿಕ್ಕರೂ ಸಾಕು, ರೆಕಾರ್ಡು ಮಾಡಿ, ಉಳಿದದ್ದನ್ನು ಕೂಡಿಸಿ, ನಿನ್ನ ಫೇಸ್‌ಬುಕ್ ಗೆಳೆಯರ ಪಟ್ಟಿ ಸಮೇತ ಕಳಿಸುತ್ತಾರೆ. ಮರುದಿನ ‘ಸಿಬಿಐ ಅಧಿಕಾರಿ’ಯ ಫೋನು. ಹರಿಯಾಣ-ರಾಜಸ್ಥಾನದ ಗಡಿಯ ಮೇವಾತ್ ಸೀಮೆ ಈ ದಂಧೆಗೇ ಹೆಸರಾಗಿದೆ. ದುಡ್ಡು ಕೊಡಬೇಡ. ಒಮ್ಮೆ ಕೊಟ್ಟವನ ಹತ್ತಿರ ಮತ್ತೆ ಕೇಳುತ್ತಾರೆ, ಕೊಡದವನನ್ನು ಬಿಟ್ಟು ಸಾಮಾನ್ಯವಾಗಿ ಮುಂದಿನವನ ಹತ್ತಿರ ಹೋಗುತ್ತಾರೆ. ಮೆಸೇಜು ಅಳಿಸಬೇಡ, ಅದು ಸಾಕ್ಷಿ. ಅವನನ್ನು ಬ್ಲಾಕ್ ಮಾಡು, ಗೆಳೆಯರ ಪಟ್ಟಿಗೆ ಬೀಗ ಹಾಕು. ಸ್ಟಾಪ್‌ಎನ್‌ಸಿಐಐ ಅನ್ನುವ ಜಾಲತಾಣ ಇದೆ. ನಿನ್ನ ಚಿತ್ರವನ್ನು ಅದು ಎಲ್ಲಿಗೂ ಕಳಿಸುವುದಿಲ್ಲ, ನಿನ್ನ ಫೋನಿನಲ್ಲೇ ಅದರ ಬೆರಳಚ್ಚಿನಂಥ ಒಂದು ಗುರುತು ಮಾಡಿ, ಜೊತೆಗೂಡಿರುವ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಂಪನಿಗಳಿಗೆ ಆ ಗುರುತನ್ನು ಮಾತ್ರ ಕೊಡುತ್ತದೆ. ಹದಿನೆಂಟು ತುಂಬದವರಿಗೆ ಟೇಕ್ ಇಟ್ ಡೌನ್ ಅಂತ ಬೇರೆ ಇದೆ. ಹೆದರಿಸಿ ದುಡ್ಡು ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಸುಲಿಗೆ, ಏಳು ವರ್ಷದವರೆಗೆ ಜೈಲು. ಅಪರಾಧಿ ಅವನು, ನೀನಲ್ಲ.

ಇಂಥ ರಾತ್ರಿ ತಲೆಯಲ್ಲಿ ಕೆಟ್ಟ ಯೋಚನೆ ಬಂದರೆ ಒಬ್ಬನೇ ಕೂರಬೇಡ ಮಗಾ. 14416 ಟೆಲಿ ಮನಸ್ ನಂಬರು, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಮ್ಮ ನಿಮ್ಹಾನ್ಸ್‌ನವರ ಮಾರ್ಗದರ್ಶನದಲ್ಲಿ 2022ರಿಂದ ನಡೆಯುತ್ತಿರುವ ಸೇವೆ ಅದು. ಮರ್ಯಾದೆ ಹೋಯಿತು ಅಂತ ಅನ್ನಿಸಬಹುದು. ಈ ಊರಲ್ಲಿ ಯಾವ ಮಾತಾದರೂ ಮುಂದಿನ ಹಬ್ಬದವರೆಗೆ, ಅಷ್ಟೇ. ಪಂಚಾಯಿತಿ ಚುನಾವಣೆ ಬಂದರೆ ಅಷ್ಟೂ ಇಲ್ಲ.

ನಮ್ಮ ಹುಡುಗರು ಮೋಸ ಹೋಗುವುದಷ್ಟೇ ಅಲ್ಲ, ಮೋಸದ ಕೈಗೆ ಹಗ್ಗವೂ ಆಗುತ್ತಿದ್ದಾರೆ. ‘ನಿನ್ನ ಬ್ಯಾಂಕ್ ಖಾತೆ ಸುಮ್ಮನೆ ಇದೆಯಲ್ಲ, ಎಟಿಎಂ ಕಾರ್ಡು ಸಿಮ್ಮು ಕೊಡು, ತಿಂಗಳಿಗೆ ಇಷ್ಟು’ ಅನ್ನುವವರಿದ್ದಾರೆ. ಯಾರೋ ಅಳುತ್ತಾ ಕಳಿಸಿದ ದುಡ್ಡು ನಿನ್ನ ಖಾತೆಯಲ್ಲಿ ಹಾದುಹೋಗುತ್ತದೆ, ಪೊಲೀಸರು ಮೊದಲು ಬರುವುದು ನಿನ್ನ ಮನೆಗೆ. ಕೊಡಬೇಡ, ಎಷ್ಟು ಕೊಟ್ಟರೂ ಬೇಡ. ನಿನ್ನ ಹೆಸರಲ್ಲಿ ಎಷ್ಟು ಸಿಮ್ ಓಡುತ್ತಿವೆ ಅಂತ ಸಂಚಾರ್ ಸಾಥಿ ತಾಣದಲ್ಲಿ ಒಮ್ಮೆ ನೋಡು.

ವಿದೇಶದಲ್ಲಿ ಕಂಪ್ಯೂಟರ್ ಕೆಲಸ, ಥಾಯ್ಲೆಂಡಿಗೆ ಬಾ, ವೀಸಾ ನಮ್ಮದು ಅನ್ನುವ ಏಜೆಂಟರಿಗೂ ಹೀಗೇ ಹುಷಾರಾಗಿರು. 2025ರ ಮಾರ್ಚ್ 10 ಮತ್ತು 11ರಂದು ವಾಯುಪಡೆಯ ವಿಮಾನಗಳು ಮ್ಯಾನ್ಮಾರ್-ಥಾಯ್ಲೆಂಡ್ ಗಡಿಯಿಂದ 549 ಭಾರತೀಯರನ್ನು ಕರೆತಂದವು. ಕೆಲಸ ಅಂತ ನಂಬಿಸಿ ಕರೆದೊಯ್ದು, ಇಂಥ ಪ್ರೇಮದ ಮೆಸೇಜುಗಳನ್ನು ಬರೆಯಿಸುವ ಮೋಸದ ಕೇಂದ್ರಗಳಿಗೆ ತಳ್ಳಿದ್ದರು. ಮ್ಯಾನ್ಮಾರಿನಲ್ಲಿ ಕನಿಷ್ಠ 1,20,000, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಹೀಗೆ ಸಿಕ್ಕಿಬಿದ್ದಿರಬಹುದು ಅಂತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟಿನಲ್ಲಿ ಅಂದಾಜು ಮಾಡಿತ್ತು. ನಿನಗೆ ‘ಊಟ ಆಯ್ತಾ’ ಅಂತ ಟೈಪ್ ಮಾಡುತ್ತಿರುವವನು, ತಾನೇ ಊಟವಿಲ್ಲದೆ ಪೆಟ್ಟು ತಿನ್ನುತ್ತಿರುವ ಯಾವುದೋ ಹಳ್ಳಿಯ ಹುಡುಗನಾಗಿರಬಹುದು. ಹಾಗಂತ ಅವನಿಗೆ ದುಡ್ಡು ಕಳಿಸಬೇಡ, ಅದು ಅವನ ಕೈಗೆ ಸೇರುವುದಿಲ್ಲ. ಹೊರದೇಶಕ್ಕೆ ಹೋಗುವ ಮನಸ್ಸಿದ್ದರೆ ಏಜೆಂಟನ ಹೆಸರು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಇದೆಯೇ ಅಂತ ನೋಡಿ ಹೆಜ್ಜೆ ಇಡು.

ಇಷ್ಟೆಲ್ಲ ಹೇಳಿದ ಮೇಲೂ ದುಡ್ಡು ಹೋಗಿಬಿಟ್ಟಿತು ಅಂತಿಟ್ಟುಕೋ. ಆಗ ಯೋಚನೆ ಮಾಡುತ್ತಾ ಕೂರಬೇಡ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡು. ಅಲ್ಲಿಂದ ದೂರು ದುಡ್ಡು ಹೋದ ಬ್ಯಾಂಕಿಗೆ ತಲುಪಿ, ಆ ಖಾತೆಯಲ್ಲಿ ಉಳಿದಿರುವಷ್ಟನ್ನು ತಡೆಹಿಡಿಯುತ್ತಾರೆ. ಕಳ್ಳ ಅದನ್ನು ಒಂದರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ದಾಟಿಸುತ್ತಲೇ ಇರುತ್ತಾನೆ, ಅದಕ್ಕೇ ಗಂಟೆಗಳ ಲೆಕ್ಕ. ಪಾಸ್‌ಬುಕ್ಕು, ಯುಪಿಐ ರಸೀದಿಯಲ್ಲಿರುವ ಹನ್ನೆರಡು ಅಂಕಿಯ ಯುಟಿಆರ್ ನಂಬರು, ಅವನ ಫೋನ್ ನಂಬರು ಕೈಯಲ್ಲಿಟ್ಟುಕೊಂಡು ಮಾತಾಡು. ಆಮೇಲೆ ಸೈಬರ್‌ಕ್ರೈಂ ಜಾಲತಾಣದಲ್ಲಿ ದೂರು ಪೂರ್ತಿ ಮಾಡಬೇಕು. ನೀನೇ ಪಿನ್ ಒತ್ತಿ ಕಳಿಸಿದ್ದಲ್ಲವೇ ಅಂತ ಬ್ಯಾಂಕಿನಲ್ಲಿ ಕೇಳುತ್ತಾರೆ. ಹೌದು ಅನ್ನು, ತಲೆ ತಗ್ಗಿಸಬೇಡ. ಹೋದ ದುಡ್ಡು ಬಿಡಿಸಿಕೊಡುತ್ತೇವೆ, ಸ್ವಲ್ಪ ಫೀಸು ಕಟ್ಟಿ ಅಂತ ಆಮೇಲೆ ಯಾರಾದರೂ ಫೋನು ಮಾಡಿದರೆ ಅವರೂ ಅದೇ ಗುಂಪಿನವರು.

ಅಣ್ಣಂದಿರೇ, ಅತ್ತಿಗೆಯರೇ, ನಿಮಗೂ ಒಂದು ಮಾತು. ಮಗ ಬಂದು ಹೀಗಾಯಿತು ಅಂತ ಹೇಳಿದ ದಿನ ‘ನಿಂಗೆ ಬುದ್ಧಿ ಇರ್ಲಿಲ್ವಾ’ ಅಂತ ಶುರು ಮಾಡಬೇಡಿ. ಬೈಯುವುದಕ್ಕೆ ಮುಂದೆ ಬೇಕಾದಷ್ಟು ದಿನ ಇದೆ, 1930ಕ್ಕೆ ಹೊತ್ತಿಲ್ಲ.

ಠಾಣೆಗೆ ಹೋಗುವಾಗ ಒಬ್ಬನೇ ಹೋಗಬೇಡ ಮಗಾ. ಇದು ನಮ್ಮ ಸರಹದ್ದಲ್ಲ ಅಂದರೆ, ಹೊಸ ಕಾನೂನಿನ ಪ್ರಕಾರ ಯಾವ ಠಾಣೆಯಲ್ಲಾದರೂ ಝೀರೊ ಎಫ್‌ಐಆರ್ ಬರೆಸಬಹುದು ಅಂತ ಮರ್ಯಾದೆಯಿಂದ ಹೇಳು. ಮೈಸೂರಿನ ಸೆನ್ ಠಾಣೆಗೇ, ಅಂದರೆ ಸೈಬರ್ ಅಪರಾಧ ನೋಡುವ ಠಾಣೆಗೇ, ಹೋಗಬೇಕಾಗಿ ಬಂದರೆ ಹಿಂದಿನ ರಾತ್ರಿ ತಿಳಿಸು. ಮೆಸೇಜುಗಳ ಫೋಟೊ ತೆಗೆಸಿ ಪ್ರಿಂಟು ಹಾಕಿಸಿಟ್ಟುಕೋ. ಬೆಳಗಿನ ಮೊದಲ ಬಸ್ಸಿಗೆ ನಾನೂ ಬರುತ್ತೇನೆ. ಟಿಕೆಟ್ ನನ್ನದು, ತಿಂಡಿ ನಿನ್ನದು.